ಟ್ಯಾಂಕ್ ತುಂಬಿದರೆ ತಾನೇ ನಿಲ್ಲುವ ಮೋಟಾರ್: ಆರ್ಡುವಿನೊ ಊನೊ ಬೋರ್ಡಿನಲ್ಲಿ ಕಟ್ಟಿದ ಕಂಟ್ರೋಲರ್, ಎಡವುವ ಜಾಗಗಳ ಸಮೇತ

ಎಲ್‌ಇಡಿ ಮಿನುಗಿಸಿ, ಒಂದು ಬಜರ್ ಕೂಗಿಸಿ, ಅಲ್ಲಿಗೆ ಮೇಜಿನ ಖಾನೆ ಸೇರಿದ ಆರ್ಡುವಿನೊ (ಪ್ರೋಗ್ರಾಮ್ ಬರೆದು ನಡೆಸುವ ಪುಟ್ಟ ಕಂಪ್ಯೂಟರ್) ಬೋರ್ಡುಗಳಿಗೆ ಲೆಕ್ಕವಿಲ್ಲ. ತಪ್ಪು ಬೋರ್ಡಿನದಲ್ಲ. ಮಿನುಗುವ ಎಲ್‌ಇಡಿ ಕೆಟ್ಟರೆ ಯಾರಿಗೂ ನಷ್ಟವಿಲ್ಲ, ಹಾಗಾಗಿ ಅದು ಹೆಚ್ಚೇನೂ ಕಲಿಸುವುದಿಲ್ಲ. ಸಂಪಿನ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸುವ ಮೋಟಾರನ್ನು ಅದೇ ಬೋರ್ಡಿನ ಕೈಗೆ ಕೊಟ್ಟರೆ ಕಥೆ ಬೇರೆ. ಒಂದು ತಪ್ಪಿಗೆ ತಾರಸಿಯಿಂದ ನೀರು ಸುರಿಯುತ್ತದೆ, ಇನ್ನೊಂದಕ್ಕೆ ಪಂಪು ಒಣಗಿ ಓಡಿ ಸೀಲು ಸುಟ್ಟುಕೊಳ್ಳುತ್ತದೆ. ಇಲ್ಲಿನ ಲೆಕ್ಕವೆಲ್ಲ ಒಂದು ಸಾಮಾನ್ಯ ಮನೆಯದು: ನೆಲದಡಿ ಸಂಪು, ಮೇಲೆ 1000 ಲೀಟರಿನ ಸಿಂಟೆಕ್ಸ್, 1 ಎಚ್‌ಪಿ ಸಿಂಗಲ್ ಫೇಸ್ ಮಾನೊಬ್ಲಾಕ್ ಮೋಟಾರ್, ಟ್ಯಾಂಕಿನಿಂದ ಸ್ವಿಚ್ ಬೋರ್ಡಿನ ತನಕ ಸುಮಾರು 20 ಮೀಟರ್ ವೈರು.

ಬೋರ್ಡಿನ ಆಯ್ಕೆ

ಬಳಸಿದ್ದು ಊನೊ ಆರ್3. ಆರ್ಡುವಿನೊ ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರಿಯಾ ಊರಿನ ವಿನ್ಯಾಸ ಸಂಸ್ಥೆಯಲ್ಲಿ, ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳ ಕೈಗೂ ಎಟುಕಲಿ ಎಂದು. ಊನೊ ಬಂದಿದ್ದು 2010ರಲ್ಲಿ. ಒಳಗಿರುವ ಎಟಿಮೆಗಾ328ಪಿ ಚಿಪ್ಪಿಗೆ 16 ಮೆಗಾಹರ್ಟ್ಸ್ ವೇಗ, 32 ಕಿಲೋಬೈಟ್ ಫ್ಲ್ಯಾಶ್, 2 ಕಿಲೋಬೈಟ್ ರ‍್ಯಾಮ್. ಇವತ್ತಿನ ಲೆಕ್ಕದಲ್ಲಿ ನಗು ತರಿಸುವ ಅಂಕಿಗಳು. ಆದರೆ ಮೂರು ಸ್ವಿಚ್ಚು ನೋಡಿ ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು) ಎಳೆಯಲು ಇದರ ಹತ್ತರಲ್ಲೊಂದು ಭಾಗ ಸಾಕು.

ಇಎಸ್‌ಪಿ32 (ವೈಫೈ ಇರುವ 3.3 ವೋಲ್ಟಿನ ಬೋರ್ಡು) ಯಾಕಲ್ಲ ಎಂದು ಎಲ್ಲರೂ ಕೇಳುತ್ತಾರೆ. ಮೊದಲನೆಯದು ವೋಲ್ಟೇಜು. ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ರಿಲೇ ಮಾಡ್ಯೂಲು 5 ವೋಲ್ಟಿನದು, ಪಿನ್ನು ಲೋ (0 ವೋಲ್ಟ್) ಆದಾಗ ಎಳೆಯುವಂಥದು. 3.3 ವೋಲ್ಟಿನ ಬೋರ್ಡು 'ಹೈ' ಎಂದರೂ ಮಾಡ್ಯೂಲಿನ ಎಲ್‌ಇಡಿಗಳ ಮೇಲೆ ಇನ್ನೂ 1.7 ವೋಲ್ಟ್ ಉಳಿಯುತ್ತದೆ. ಕೆಲವು ರಿಲೇಗಳು ಬಿಡುತ್ತವೆ, ಕೆಲವು ಅರೆಬರೆ ಹಿಡಿದೇ ಇರುತ್ತವೆ. ಊನೊದಲ್ಲಿ ಈ ರಗಳೆಯೇ ಇಲ್ಲ. ಎರಡನೆಯದು, ಚಿಪ್ಪು ಸಾಕೆಟ್ಟಿನಲ್ಲಿ ಕೂತಿರುವ ಊನೊ ಕೊಂಡರೆ, ಪಿನ್ನು ಸುಟ್ಟಾಗ ಚಿಪ್ಪೊಂದನ್ನೇ ಕಿತ್ತು ಬೂಟ್‌ಲೋಡರ್ (ಯುಎಸ್‌ಬಿಯಿಂದ ಪ್ರೋಗ್ರಾಮ್ ಏರಿಸಿಕೊಳ್ಳುವ ಪುಟ್ಟ ಪ್ರೋಗ್ರಾಮ್) ಇರುವ ಹೊಸದನ್ನು ಒತ್ತಿದರಾಯಿತು. ಚಿಪ್ಪನ್ನೇ ಬೆಸೆದಿರುವ ಅಗ್ಗದ ಮಾದರಿ ಕಲಿಯುವವರಿಗೆ ಬೇಡ. ಮೂರನೆಯದು ವೈಫೈ. ಅದು ಇದ್ದರೆ ಚೆಂದ, ಆದರೆ ರೂಟರ್ ಸತ್ತ ದಿನವೂ ಟ್ಯಾಂಕು ತುಂಬಿದಾಗ ಮೋಟಾರ್ ನಿಲ್ಲಲೇಬೇಕು. ನಿಲ್ಲಿಸುವ ನಿರ್ಧಾರ ಬೋರ್ಡಿನೊಳಗೇ ಆಗಬೇಕು.

ಹೊಸ ಊನೊ ಆರ್4 ಕೂಡ 5 ವೋಲ್ಟಿನದೇ, ನಡೆಯುತ್ತದೆ. ಒಂದೇ ಎಚ್ಚರ: ಆರ್3ರ ಪಿನ್ನು 20 ಮಿಲಿಆಂಪ್ ಆರಾಮಾಗಿ ಕೊಡುತ್ತದೆ, ಆರ್4ರದಕ್ಕೆ 8 ಮಿಲಿಆಂಪ್ ಮಿತಿ. ಆರ್3ರಲ್ಲಿ ಎಲ್‌ಇಡಿಗೆ 330 ಓಮ್ ಹಾಕಿದರೆ ಸುಮಾರು 9 ಮಿಲಿಆಂಪ್ ಹರಿಯುತ್ತದೆ. ಆರ್4 ಆದರೆ 1 ಕಿಲೋಓಮ್ ಹಾಕಿ.

ಬೇಕಾದ ಸಾಮಾನು

ಊನೊ 1, ಯುಎಸ್‌ಬಿ ಡೇಟಾ ಕೇಬಲ್, 5 ವೋಲ್ಟ್ 1 ಆಂಪ್ ಮೊಬೈಲ್ ಚಾರ್ಜರ್. ಆಪ್ಟೋಕಪ್ಲರ್ (ಸಂಕೇತವನ್ನು ಬೆಳಕಿನಲ್ಲಿ ದಾಟಿಸಿ ಎರಡು ಕಡೆಯನ್ನು ಬೇರ್ಪಡಿಸುವ ಚಿಪ್ಪು) ಇರುವ ಒಂಟಿ ರಿಲೇ ಮಾಡ್ಯೂಲು 1. ನೇರ ನಿಲ್ಲುವ ಪ್ಲಾಸ್ಟಿಕ್ ಫ್ಲೋಟ್ ಸ್ವಿಚ್ಚು 3, ಜೊತೆಗೆ ಒಂದು ಹೆಚ್ಚುವರಿ. 230 ವೋಲ್ಟ್ ಕಾಯಿಲಿನ, ಎಸಿ-3 (ಮೋಟಾರ್ ಹೊರೆಯ) ದರ್ಜೆಯಲ್ಲಿ 12 ಆಂಪ್ ಕಾಂಟ್ಯಾಕ್ಟರ್ (ದೊಡ್ಡ ಹೊರೆ ತಾಳುವ ರಿಲೇ) 1. ಎಕ್ಸ್2 (ನೇರ ಮೇನ್ಸ್ ವೋಲ್ಟೇಜಿಗೆ ಅಡ್ಡ ಹಾಕಬಹುದಾದ) ದರ್ಜೆಯ 0.1 ಮೈಕ್ರೊಫ್ಯಾರಡ್ 275 ವೋಲ್ಟ್ ಎಸಿ ಕೆಪಾಸಿಟರ್ 1, 100 ಓಮ್ 1 ವಾಟ್ ರೆಸಿಸ್ಟರ್ 1. 2.2 ಕಿಲೋಓಮ್ 3, 1 ಕಿಲೋಓಮ್ 3, 0.1 ಮೈಕ್ರೊಫ್ಯಾರಡ್ ಸಣ್ಣ ಸೆರಾಮಿಕ್ ಕೆಪಾಸಿಟರ್ 3. ಎಲ್‌ಇಡಿ 3, 330 ಓಮ್ 3, ಬಜರ್, ಒತ್ತುವ ಗುಂಡಿ. ನಾಲ್ಕು ಎಳೆಯ ಹೊರಾಂಗಣ ಕೇಬಲ್ 20 ಮೀಟರ್, 20 ಮಿಮೀ ಪಿವಿಸಿ ಪೈಪು 2 ಮೀಟರ್, ಐಪಿ65 ಡಬ್ಬಿ, ಗ್ಲ್ಯಾಂಡು. ಮಲ್ಟಿಮೀಟರ್ ಇಲ್ಲದೆ ಶುರು ಮಾಡಬೇಡಿ. ಟೆಸ್ಟರ್ ಸ್ಕ್ರೂಡ್ರೈವರ್ ಅದರ ಬದಲಿ ಅಲ್ಲ.

ಚೌಕಾಕಾರದ 9 ವೋಲ್ಟ್ ಬ್ಯಾಟರಿ ಪಟ್ಟಿಯಲ್ಲಿಲ್ಲ. ಅದರ ಶಕ್ತಿ ಸುಮಾರು 500 ಮಿಲಿಆಂಪ್-ಅವರ್, ಊನೊ ಒಂದಕ್ಕೇ 50ರ ಆಸುಪಾಸು ಬೇಕು, ರಿಲೇ ಕಾಯಿಲಿಗೆ ಇನ್ನೂ 70. ರಾತ್ರಿ ಕಳೆಯುವುದರೊಳಗೆ ಖಾಲಿ. 12 ವೋಲ್ಟ್ ಅಡಾಪ್ಟರನ್ನು ದುಂಡನೆಯ ತೂತಿಗೆ ಚುಚ್ಚುವುದೂ ಒಳ್ಳೆಯದಲ್ಲ: ಮಿಕ್ಕ 7 ವೋಲ್ಟು × 0.12 ಆಂಪ್, ಅಂದರೆ 0.8 ವಾಟಿಗೂ ಹೆಚ್ಚು ಶಾಖ ಬೋರ್ಡಿನ ಪುಟ್ಟ ರೆಗ್ಯುಲೇಟರ್ ಮೇಲೆ ಬೀಳುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಬೇಸಿಗೆಯ ಮಧ್ಯಾಹ್ನ ಅದು ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಮೊಬೈಲ್ ಚಾರ್ಜರನ್ನು ಯುಎಸ್‌ಬಿ ತೂತಿಗೆ ಕೊಡಿ, ಮುಗಿಯಿತು.

ಮೊದಲ ಹಂತ: ಬೋರ್ಡು ಮಾತಾಡುತ್ತದೆಯೇ

ವೈರು ಮುಟ್ಟುವ ಮೊದಲು ಮಿನುಗುವ ಪ್ರೋಗ್ರಾಮ್ ಏರಿಸಿ. ಪೋರ್ಟ್ ಕಾಣದಿದ್ದರೆ ಹತ್ತರಲ್ಲಿ ಹಲವು ಸಲ ಕಾರಣ ಕೇಬಲ್ಲು: ಚಾರ್ಜ್ ಮಾತ್ರ ಮಾಡುವ ಕೇಬಲ್ಲಿನಲ್ಲಿ ಡೇಟಾ ಎಳೆಗಳೇ ಇರುವುದಿಲ್ಲ, ಬೋರ್ಡಿನ ದೀಪ ಮಾತ್ರ ಉರಿಯುತ್ತದೆ. ಕೇಬಲ್ ಸರಿಯಿದ್ದರೆ ಮುಂದಿನ ಅನುಮಾನ ಸಿಎಚ್340 ಡ್ರೈವರ್. ಅಗ್ಗದ ಊನೊಗಳಲ್ಲಿ ಯುಎಸ್‌ಬಿಗೆ ಈ ಚಿಪ್ಪೇ ಇರುತ್ತದೆ. ಲಿನಕ್ಸಿನಲ್ಲಾದರೆ ಬಳಕೆದಾರರನ್ನು ಡಯಲ್‌ಔಟ್ ಗುಂಪಿಗೆ (ಪೋರ್ಟ್ ಬಳಸಲು ಅನುಮತಿ ಇರುವ ಗುಂಪು) ಸೇರಿಸಿ, ಲಾಗ್‌ಔಟ್ ಆಗಿ ಬನ್ನಿ. ಪೋರ್ಟ್ ಕಂಡರೂ 'ನಾಟ್ ಇನ್ ಸಿಂಕ್' ಎಂದು ಹತ್ತು ಸಲ ಬಡಬಡಿಸಿದರೆ, ಪಿನ್ 0 ಅಥವಾ 1ಕ್ಕೆ ಏನಾದರೂ ಸಿಕ್ಕಿಸಿದೆಯೇ ನೋಡಿ. ಅವೆರಡೂ ಕಂಪ್ಯೂಟರಿನ ಜೊತೆ ಮಾತಾಡುವ ದಾರಿ. ಈ ಯೋಜನೆಯಲ್ಲಿ ಅವನ್ನು ಖಾಲಿ ಬಿಟ್ಟಿದ್ದು ಇದಕ್ಕೇ. 13ನ್ನೂ ಬಿಟ್ಟಿದೆ, ಬೋರ್ಡು ಶುರುವಾಗುವಾಗ ಬೂಟ್‌ಲೋಡರ್ ಅದನ್ನು ಮಿಟುಕಿಸುತ್ತದೆ, ಅಲ್ಲಿ ರಿಲೇ ಇದ್ದರೆ ಕರೆಂಟ್ ಬಂದಾಗೆಲ್ಲ ಮೋಟಾರ್ ಕೆಮ್ಮುತ್ತದೆ.

ಅಲ್ಟ್ರಾಸಾನಿಕ್: ಹಾಕಿ ತೆಗೆದದ್ದು

ಮಟ್ಟ ಅಳೆಯಲು ಎಲ್ಲರ ಕೈ ಮೊದಲು ಹೋಗುವುದು ಪ್ರತಿಧ್ವನಿಯಿಂದ ದೂರ ಅಳೆಯುವ ಸೆನ್ಸರಾದ ಎಚ್‌ಸಿ-ಎಸ್‌ಆರ್04ಕ್ಕೆ. 10 ಮೈಕ್ರೊಸೆಕೆಂಡಿನ ಟ್ರಿಗರ್ ಕೊಡಿ, 40 ಕಿಲೋಹರ್ಟ್ಸ್ ಸದ್ದು ಹೋಗಿ ಬರುವ ಸಮಯವನ್ನು 58ರಿಂದ ಭಾಗಿಸಿ, ಸೆಂಟಿಮೀಟರ್ ಸಿಗುತ್ತದೆ. ಮೇಜಿನ ಮೇಲೆ ಸೊಗಸು. ಟ್ಯಾಂಕಿನ ಮುಚ್ಚಳದಡಿ ಇಟ್ಟರೆ ಆವಿ ಹನಿಗಟ್ಟಿ ಅದರ ಎರಡು ಕಣ್ಣಿಗೂ ಪೊರೆ ಬರುತ್ತದೆ, ಕ್ರಮೇಣ ಒಳಗೆ ತುಕ್ಕು. ನೀರು ಧುಮುಕುವಾಗಿನ ಅಲೆಗೆ ಅಂಕಿಗಳು ಕುಣಿಯುತ್ತವೆ. ಪ್ರತಿಧ್ವನಿ ತಪ್ಪಿದರೆ ಪಲ್ಸ್‌ಇನ್ (ಆ ಸಮಯ ಅಳೆಯುವ ಆಜ್ಞೆ) ಸೊನ್ನೆ ಹಿಂದಿರುಗಿಸಬಹುದು, ಕೆಲವು ಮಾಡ್ಯೂಲು ತೀರಾ ದೊಡ್ಡ ಅಂಕಿ ಕೊಡುತ್ತವೆ. ಸೊನ್ನೆ ಎಂದರೆ ಪ್ರೋಗ್ರಾಮ್ 'ನೀರು ಸೆನ್ಸರಿಗೇ ಮುಟ್ಟಿದೆ' ಎಂದುಕೊಂಡು ಮೋಟಾರ್ ಹಾಕುವುದೇ ಇಲ್ಲ. ದೊಡ್ಡ ಅಂಕಿ ಎಂದರೆ 'ಟ್ಯಾಂಕು ಬರಿದು' ಎಂದುಕೊಂಡು ನಿಲ್ಲಿಸುವುದೇ ಇಲ್ಲ. ನೀರು ತಾಳುವ ಜೆಎಸ್‌ಎನ್-ಎಸ್‌ಆರ್04ಟಿ ಇದೆ, ಆದರೆ ಮೊದಲ 20-25 ಸೆಂಮೀ ಅದಕ್ಕೆ ಕಾಣುವುದಿಲ್ಲ. ನಮಗೆ ಮುಖ್ಯವಾದದ್ದು ಟ್ಯಾಂಕಿನ ಆ ಮೇಲಿನ ಗೇಣೇ.

ಬರೀ ತಾಮ್ರದ ವೈರು ನೀರಿಗಿಳಿಸಿ 5 ವೋಲ್ಟ್ ಡಿಸಿ ಹರಿಸುವ ಅಗ್ಗದ ಉಪಾಯವೂ ಬೇಡ. ವಿದ್ಯುದ್ವಿಭಜನೆಯಿಂದ ಒಂದು ತುದಿ ಹಸಿರುಗಟ್ಟಿ ಸವೆಯುತ್ತದೆ. ಸವೆದ ತಾಮ್ರ ಹೋಗುವುದು ಕುಡಿಯುವ, ಸ್ನಾನ ಮಾಡುವ ನೀರಿಗೇ.

ಫ್ಲೋಟ್ ಸ್ವಿಚ್ಚು, ಮತ್ತು ವೈರು ಕಡಿದರೂ ಕೆಡದ ಲೆಕ್ಕ

ಫ್ಲೋಟಿನೊಳಗೆ ಅಯಸ್ಕಾಂತ, ಕಾಂಡದೊಳಗೆ ಅಯಸ್ಕಾಂತ ಹತ್ತಿರ ಬಂದರೆ ಮುಚ್ಚುವ ರೀಡ್ ಸ್ವಿಚ್ಚು, ಅಷ್ಟೇ. ತುದಿಯ ಕ್ಲಿಪ್ ತೆಗೆದು ಫ್ಲೋಟನ್ನು ತಲೆಕೆಳಗು ಮಾಡಿದರೆ ತೆರೆಯುವುದು-ಮುಚ್ಚುವುದು ಅದಲುಬದಲಾಗುತ್ತದೆ. ಈ ಒಂದು ಅನುಕೂಲದ ಮೇಲೆ ಇಡೀ ಸುರಕ್ಷೆ ನಿಂತಿದೆ. ನಿಯಮ ಒಂದೇ: ಸ್ವಿಚ್ಚು ಮುಚ್ಚಿದ್ದರೆ ಮೋಟಾರಿಗೆ ಅಪ್ಪಣೆ, ತೆರೆದಿದ್ದರೆ ಅಪ್ಪಣೆ ಇಲ್ಲ.

ಅಂದರೆ ಮೇಲಿನ ಫ್ಲೋಟು ಟ್ಯಾಂಕಿನಲ್ಲಿ ಜಾಗ ಇರುವಷ್ಟು ಹೊತ್ತು ಮುಚ್ಚಿರಬೇಕು, ತುಂಬಿದಾಗ ತೆರೆಯಬೇಕು. ಕೆಳಗಿನದು ನೀರು ಮೂರನೇ ಒಂದು ಭಾಗಕ್ಕಿಂತ ಇಳಿದಾಗ ಮುಚ್ಚಬೇಕು. ಸಂಪಿನದು ನೀರಿರುವ ತನಕ ಮುಚ್ಚಿರಬೇಕು. ಇಲಿ ಕೇಬಲ್ ಕಡಿಯಲಿ, ಬೆಸುಗೆ ಬಿಡಲಿ, ಬಿಸಿಲಿಗೆ ವೈರು ಸೀಳಲಿ, ಫಲಿತಾಂಶ 'ತೆರೆದಿದೆ', ಮೋಟಾರ್ ನಿಂತಿದೆ. ಇದನ್ನು ಉಲ್ಟಾ ಕಟ್ಟಿದರೂ ಮೊದಲ ದಿನ ಸರಿಯಾಗಿಯೇ ಕೆಲಸ ಮಾಡುತ್ತದೆ. ಗೊತ್ತಾಗುವುದು ವೈರು ಕಡಿದ ದಿನ.

ಟ್ಯಾಂಕಿನ ಗೋಡೆ ಕೊರೆಯಬೇಡಿ. ಪಿವಿಸಿ ಪೈಪನ್ನು ಮುಚ್ಚಳದಿಂದ ಇಳಿಬಿಟ್ಟು, ಓವರ್‌ಫ್ಲೋ ಪೈಪಿಗಿಂತ 10 ಸೆಂಮೀ ಕೆಳಗೆ ಮೇಲಿನ ಫ್ಲೋಟು, ಬೇಕಾದ ಮಟ್ಟದಲ್ಲಿ ಕೆಳಗಿನದು ಕೂರಿಸಿ. ನೀರು ಬೀಳುವ ಬಾಯಿಗೆ ಎದುರು ಮೂಲೆಯಲ್ಲಿರಲಿ. ವೈರಿನ ಜೋಡಣೆಗಳೆಲ್ಲ ಮುಚ್ಚಳದ ಹೊರಗೆ ಬರಲಿ. ಬೆಸೆದು, ಹೀಟ್‌ಶ್ರಿಂಕ್ ತೊಡಿಸಿ. ಮೆತ್ತಲು ಸಿಲಿಕೋನ್ ಬಳಸುವುದಾದರೆ ವಿನಿಗರ್ ವಾಸನೆ ಹೊಡೆಯುವ ಬಗೆ ಬೇಡ, ಅದರಿಂದ ಬಿಡುಗಡೆಯಾಗುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಬಗೆ ಕೇಳಿ ತನ್ನಿ. ಹಾಟ್ ಗ್ಲೂ ತೇವಕ್ಕೆ ಪಿವಿಸಿಯಿಂದ ಕಿತ್ತುಬರುತ್ತದೆ.

ಮೂರೂ ಸ್ವಿಚ್ಚಿನ ಒಂದು ಕಾಲು ಗ್ರೌಂಡಿಗೆ, ಇನ್ನೊಂದು ಕ್ರಮವಾಗಿ 2, 3, 4ನೇ ಪಿನ್ನಿಗೆ. ರಿಲೇ 7, ಬಜರ್ 8, ಗುಂಡಿ 5, ಎಲ್‌ಇಡಿಗಳು 9, 10, 11. ಚಿಪ್ಪಿನೊಳಗಿನ ಪುಲ್‌ಅಪ್ (ಸ್ವಿಚ್ಚು ತೆರೆದಾಗ ಪಿನ್ನನ್ನು ಹೈಗೆ ಎಳೆದಿಡುವ ರೆಸಿಸ್ಟರ್) 20ರಿಂದ 50 ಕಿಲೋಓಮಿನದು. ಮೇಜಿನ ಮೇಲೆ ಸಾಕು, 20 ಮೀಟರ್ ವೈರಿಗೆ ಸಾಲದು; ಅಷ್ಟುದ್ದದ ವೈರು ಆಂಟೆನಾದಂತೆ ಮೋಟಾರಿನ ಗದ್ದಲವನ್ನೆಲ್ಲ ಹಿಡಿದು ತರುತ್ತದೆ. ಪ್ರತಿ ದಾರಿಗೆ 5 ವೋಲ್ಟಿನಿಂದ 2.2 ಕಿಲೋಓಮ್ ಪುಲ್‌ಅಪ್, ಅಲ್ಲಿಂದ ಪಿನ್ನಿಗೆ 1 ಕಿಲೋಓಮ್, ಪಿನ್ನಿನ ಬುಡದಲ್ಲಿ ಗ್ರೌಂಡಿಗೆ 0.1 ಮೈಕ್ರೊಫ್ಯಾರಡ್. ಸೆನ್ಸರ್ ಕೇಬಲ್ಲು ಮೋಟಾರ್ ವೈರಿನ ಪೈಪಿನೊಳಗೆ ಹೋಗಬಾರದು. (ಸಿಡಿಲಿಗೆ ಇದ್ಯಾವುದೂ ಔಷಧವಲ್ಲ. ಗುಡುಗು ಜೋರಾದರೆ ಕನೆಕ್ಟರ್ ಕಿತ್ತಿಡಿ.)

ಪ್ರೋಗ್ರಾಮು, ಮತ್ತು ಒಂದೇ ದೋಷದ ಎರಡು ಮುಖ

ನಾಲ್ಕು ಸ್ಥಿತಿ ಸಾಕು: ನಿಂತಿದೆ, ಓಡುತ್ತಿದೆ, ವಿಶ್ರಾಂತಿ, ದೋಷ. ಮೂರೂ ಸ್ವಿಚ್ಚು ಮುಚ್ಚಿದರೆ ಶುರು. ಶುರುವಾದ ಮೇಲೆ ಕೆಳಗಿನ ಫ್ಲೋಟನ್ನು ಮರೆತು, ಮೇಲಿನದು ಇಲ್ಲವೇ ಸಂಪಿನದು ತೆರೆಯುವ ತನಕ ಓಟ. ನಿಂತ ಮೇಲೆ 2 ನಿಮಿಷ ವಿಶ್ರಾಂತಿ. ಯಾವ ಸ್ವಿಚ್ಚಿನ ಬದಲಾವಣೆಯನ್ನೂ 3 ಸೆಕೆಂಡ್ ನಿಂತರೆ ಮಾತ್ರ ನಂಬಿ, ಇಲ್ಲದಿದ್ದರೆ ನೀರಿನ ಅಲೆಗೆ ರಿಲೇ ಕಟಕಟ ಎನ್ನುತ್ತದೆ. ಇಲ್ಲೆಲ್ಲೂ ಡಿಲೇ (ಬೋರ್ಡನ್ನು ಸುಮ್ಮನೆ ಕಾಯಿಸುವ ಆಜ್ಞೆ) ಬಳಸಬೇಡಿ. ಡಿಲೇಯಲ್ಲಿ ನಿದ್ದೆ ಹೋದ ಬೋರ್ಡಿಗೆ ಗುಂಡಿ ಒತ್ತಿದ್ದು ತಿಳಿಯುವುದಿಲ್ಲ. ಮಿಲಿಸ್ (ಬೋರ್ಡು ಶುರುವಾದಾಗಿನಿಂದ ಎಣಿಸಿದ ಮಿಲಿಸೆಕೆಂಡ್) ಓದಿ, ಹಳೆಯ ಸಮಯವನ್ನು ಕಳೆದು ನೋಡಿ. ಮಿಲಿಸ್ 49.7 ದಿನಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ, ಆದರೆ ಅನ್‌ಸೈನ್ಡ್ ಲಾಂಗ್‌ನಲ್ಲಿ (ಋಣ ಚಿಹ್ನೆ ಇಲ್ಲದ 32 ಬಿಟ್ ಸಂಖ್ಯೆ) ಕಳೆಯುವ ಲೆಕ್ಕ ಆಗಲೂ ಸರಿಯಾಗಿಯೇ ಬರುತ್ತದೆ. ಕೂಡಿಸಿ ಹೋಲಿಸುವ ಲೆಕ್ಕ ಕೈಕೊಡುತ್ತದೆ.

ಗರಿಷ್ಠ ಓಟದ ಸಮಯವನ್ನು ಅಂದಾಜಿನಲ್ಲಿ ಹಾಕಬೇಡಿ. ಟ್ಯಾಂಕಿನ ಬಾಯಲ್ಲಿ 20 ಲೀಟರಿನ ಬಕೆಟ್ ಹಿಡಿದು ಗಡಿಯಾರ ನೋಡಿ. 30 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 40 ಲೀಟರ್, 1000 ಲೀಟರಿಗೆ 25 ನಿಮಿಷ. ಮಿತಿ 35 ನಿಮಿಷ ಇಟ್ಟರೆ, ಸಂಪಿನ ಫ್ಲೋಟು ಪಾಚಿ ಹಿಡಿದು ಅಂಟಿಕೊಂಡರೂ ಪಂಪು ಒಣಗಿ ಓಡುವುದು ಅಲ್ಲಿಗೆ ನಿಲ್ಲುತ್ತದೆ.

ಈಗ ಆ 35 ನಿಮಿಷವನ್ನು ಪ್ರೋಗ್ರಾಮಿನಲ್ಲಿ 35 × 60 × 1000 ಎಂದು ಬರೆದರೆ ಮೋಟಾರ್ 3 ಸೆಕೆಂಡೂ ಓಡದೆ ದೋಷ ತೋರಿಸಿ ನಿಲ್ಲುತ್ತದೆ. ಜನ ವೈರು, ರಿಲೇ ಎಲ್ಲ ಬಿಚ್ಚಿ ಹುಡುಕುವುದು ಆಗಲೇ. ಊನೊ ಆರ್3ರಲ್ಲಿ ಇಂಟ್ (ಸಾಮಾನ್ಯ ಪೂರ್ಣಾಂಕ) 16 ಬಿಟ್, 32767ಕ್ಕಿಂತ ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಸುವುದಿಲ್ಲ. 21,00,000 ಸುತ್ತಿ ಸುತ್ತಿ 2848ಕ್ಕೆ ಬಂದು ನಿಲ್ಲುತ್ತದೆ: 2.8 ಸೆಕೆಂಡ್. ಇದು ಪುಣ್ಯದ ಮುಖ, ಕೂಡಲೇ ಕಾಣುತ್ತದೆ. ಅರ್ಧ ಎಚ್‌ಪಿಗೆ ಸಣ್ಣ ಟ್ಯಾಂಕು ಎಂದು 15 × 60 × 1000 ಬರೆದವರಿಗೆ ಕಾಣುವುದು ಇನ್ನೊಂದು ಮುಖ. ಅದು ಸುತ್ತಿ −17504 ಆಗುತ್ತದೆ, ಅನ್‌ಸೈನ್ಡ್ ಲಾಂಗ್‌ಗೆ ತುಂಬಿದಾಗ 429 ಕೋಟಿ ಮಿಲಿಸೆಕೆಂಡ್, ಹೆಚ್ಚುಕಡಿಮೆ 49.7 ದಿನ. ಕಾವಲು ಇದೆ ಎಂದು ನಂಬಿದ್ದೀರಿ, ಕಾವಲು ಇಲ್ಲ. ಪರಿಹಾರ ಎರಡು ಅಕ್ಷರ: ಮೊದಲ ಸಂಖ್ಯೆಯ ಬಾಲಕ್ಕೆ ಯು ಮತ್ತು ಎಲ್ ಅಂಟಿಸಿ. ಪ್ರಿಫರೆನ್ಸಸ್‌ನಲ್ಲಿ ಕಂಪೈಲರ್ ಎಚ್ಚರಿಕೆಗಳನ್ನು 'ಆಲ್'ಗೆ ಇಟ್ಟಿದ್ದರೆ ಇದನ್ನು ಅದೇ ಹೇಳುತ್ತಿತ್ತು. 32 ಬಿಟ್ಟಿನ ಬೋರ್ಡಿನಲ್ಲಿ ಈ ದೋಷ ಅಡಗಿಯೇ ಇರುತ್ತದೆ, ಹಾಗಾಗಿ ಬೇರೆ ಬೋರ್ಡಿಗೆ ಬರೆದ ಪ್ರೋಗ್ರಾಮನ್ನು ನಕಲು ಮಾಡುವಾಗ ಗುಣಾಕಾರ ಇರುವ ಸಾಲುಗಳನ್ನೆಲ್ಲ ನೋಡಿ.

ರಿಲೇ ಪಿನ್ನಿನಲ್ಲಿ ಕ್ರಮ ಮುಖ್ಯ. ಮೊದಲು ಡಿಜಿಟಲ್‌ರೈಟ್ ಹೈ, ಆಮೇಲೆ ಪಿನ್‌ಮೋಡ್ ಔಟ್‌ಪುಟ್. ತಿರುಗುಮುರುಗಾದರೆ ಪಿನ್ನು ಕ್ಷಣಕಾಲ ಲೋ ಆಗಿ, ಕರೆಂಟ್ ಬಂದಾಗೆಲ್ಲ ರಿಲೇ ಒಮ್ಮೆ ಟಿಕ್ ಎನ್ನುತ್ತದೆ.

ಕೆಳಗಿನದು 'ಬರಿದು' ಎನ್ನುತ್ತಿರುವಾಗಲೇ ಮೇಲಿನದು 'ತುಂಬಿದೆ' ಎಂದರೆ ಅದು ಆಗದ ಮಾತು: ಫ್ಲೋಟು ಸಿಕ್ಕಿಕೊಂಡಿದೆ ಅಥವಾ ವೈರು ಕಡಿದಿದೆ. ಮೂರು ಬೀಪ್ ಕೊಟ್ಟು ದೋಷ ಸ್ಥಿತಿಗೆ ಹೋಗಲಿ. ದೋಷವನ್ನು ಇಇಪ್ರಾಮ್‌ನಲ್ಲಿ (ಕರೆಂಟ್ ಹೋದರೂ ಅಳಿಯದ ನೆನಪು) ಬರೆದಿಡಿ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದೊಡನೆ ಬೋರ್ಡು ಎಲ್ಲ ಮರೆತು ಮತ್ತೆ ಮೋಟಾರ್ ಹಾಕುತ್ತದೆ. ಆದರೆ ಸ್ಥಿತಿ ಬದಲಾದಾಗ ಮಾತ್ರ ಬರೆಯಿರಿ. ಅದರ ಬಾಳಿಕೆ ಒಂದು ಲಕ್ಷ ಬರಹ. ಸೆಕೆಂಡಿಗೊಂದರಂತೆ ಬರೆದರೆ 28 ಗಂಟೆಯೊಳಗೆ ಮುಗಿಯುತ್ತದೆ.

230 ವೋಲ್ಟಿನ ಕಡೆ

ಇಲ್ಲಿಂದ ಮುಂದೆ ಎಂಸಿಬಿ ಇಳಿಸಿ, ಮೀಟರಿನಲ್ಲಿ ನೋಡಿ, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ.

ರಿಲೇ ಮೇಲೆ 10 ಆಂಪ್ ಎಂದು ಅಚ್ಚಾಗಿರುವುದನ್ನು ನೋಡಿ ಮೋಟಾರನ್ನು ನೇರ ಅದಕ್ಕೇ ಕಟ್ಟುವುದು ಸಾಮಾನ್ಯ ತಪ್ಪು. ಆ ಅಂಕಿ ಬಲ್ಬು, ಹೀಟರಿನಂಥ ಹೊರೆಗೆ. 1 ಎಚ್‌ಪಿ ಎಂದರೆ 746 ವಾಟ್, ಓಡುವಾಗ 5-6 ಆಂಪ್. ಶುರುವಾಗುವ ಕ್ಷಣ ಅದರ ಐದಾರು ಪಟ್ಟು. ಕೆಲವು ವಾರಗಳಲ್ಲಿ ರಿಲೇಯ ತುದಿಗಳು ಬೆಸೆದುಕೊಳ್ಳುತ್ತವೆ. ಆಮೇಲೆ ಬೋರ್ಡು ಎಷ್ಟೇ 'ನಿಲ್ಲು' ಎಂದರೂ ಮೋಟಾರ್ ನಿಲ್ಲುವುದಿಲ್ಲ. ರಿಲೇ ಕಾಂಟ್ಯಾಕ್ಟರಿನ ಕಾಯಿಲನ್ನು ಮಾತ್ರ ಎಳೆಯಲಿ, ಮೋಟಾರಿನ ಫೇಸು-ನ್ಯೂಟ್ರಲ್ ಎರಡೂ ಕಾಂಟ್ಯಾಕ್ಟರಿನ ಮೂಲಕ ಹೋಗಲಿ. ಇರುವ ಸ್ಟಾರ್ಟರಿನ ಓವರ್‌ಲೋಡ್ ರಕ್ಷಣೆಯನ್ನು ತಪ್ಪಿಸಬೇಡಿ.

ಈಗ ಬರುವ ಕಾಟ: ಕಾಂಟ್ಯಾಕ್ಟರ್ ಬಿಟ್ಟ ಕ್ಷಣಕ್ಕೆ ಸರಿಯಾಗಿ ಊನೊ ರೀಸೆಟ್ ಆಗುತ್ತದೆ. ಪ್ರೋಗ್ರಾಮ್ ಹತ್ತು ಸಲ ಓದಿದರೂ ಅಲ್ಲಿ ಏನೂ ಸಿಗುವುದಿಲ್ಲ. ಕಾಯಿಲಿನ ಕರೆಂಟ್ ತಟ್ಟನೆ ಕಡಿದಾಗ ಏಳುವ ಕಿಡಿ, ವೋಲ್ಟೇಜಿನ ಮುಳ್ಳು, ಇವು ಹತ್ತಿರದ ವೈರುಗಳಿಗೆ ಹಾರುತ್ತವೆ. 100 ಓಮ್ ರೆಸಿಸ್ಟರ್ ಮತ್ತು ಎಕ್ಸ್2 ಕೆಪಾಸಿಟರನ್ನು ಸರಣಿಯಲ್ಲಿ ಕಟ್ಟಿ, ಆ ಜೋಡಿಯನ್ನು ಕಾಯಿಲಿನ ಎರಡು ತುದಿಗೆ ಅಡ್ಡ ಹಾಕಿ. ಎಕ್ಸ್2 ಅಲ್ಲದ ಕೆಪಾಸಿಟರ್ ಇಲ್ಲಿ ಸಿಡಿಯಬಹುದು. ಬೋರ್ಡು ಒಂದು ಡಬ್ಬಿ, ಕಾಂಟ್ಯಾಕ್ಟರ್ ಇನ್ನೊಂದು ಡಬ್ಬಿ ಆದರೆ ಇನ್ನೂ ಒಳ್ಳೆಯದು.

ಮೋಟಾರ್ ಕಟ್ಟುವ ಮೊದಲು, ಫ್ಲೋಟುಗಳ ಜಾಗದಲ್ಲಿ ಮೂರು ಸಾದಾ ಸ್ವಿಚ್ಚಿಟ್ಟು ಪರೀಕ್ಷಿಸಿ. ಮೂರು ಸ್ವಿಚ್ಚಿಗೆ 8 ಜೋಡಣೆ; ನಿಂತಿರುವಾಗ ಮತ್ತು ಓಡುವಾಗ ಸೇರಿ 16 ಸಾಲು. ಕಾಗದದಲ್ಲಿ ಬರೆದು ಒಂದೊಂದನ್ನೂ ಒತ್ತಿ ನೋಡಿ. ನಂತರ ಬಲ್ಬು, ನಂತರ ಕಾಂಟ್ಯಾಕ್ಟರ್, ಕೊನೆಗೆ ಮೋಟಾರ್. ಓಡುವಾಗ ಮೇಲಿನ ಫ್ಲೋಟಿನ ವೈರು ಕೈಯಾರೆ ಕಿತ್ತು, ನಿಲ್ಲುತ್ತದೆಯೇ ನೋಡದೆ ಡಬ್ಬಿ ಮುಚ್ಚಬೇಡಿ.

ಡಬ್ಬಿಗೆ ಕೇಬಲ್ಲು ಕೆಳಗಿನಿಂದಲೇ ಬರಲಿ, ಬರುವ ಮುನ್ನ ಒಂದು ಜೋಲು ಬಿಡಿ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಗ್ಲ್ಯಾಂಡಿನ ಸಂದು ಬಿಟ್ಟರೆ ಬೆಚ್ಚಗಿನ ಜಾಗ ಹುಡುಕಿ ಇರುವೆ ಮತ್ತು ಹಲ್ಲಿ ಬಂದೇ ಬರುತ್ತವೆ. ಕಾಂಟ್ಯಾಕ್ಟರಿನ ಸಂದಿನಲ್ಲಿ ಸಿಕ್ಕ ಒಂದು ಇರುವೆಗೂಡು ಸಾಕು, ತುದಿ ಕೂಡುವುದಿಲ್ಲ. ಬೋರ್‌ವೆಲ್ ನೀರಾದರೆ ಫ್ಲೋಟಿನ ಕಾಂಡಕ್ಕೆ ಬಿಳಿ ಸುಣ್ಣ ಕಟ್ಟುತ್ತದೆ. ಟ್ಯಾಂಕು ತೊಳೆಯುವಾಗೆಲ್ಲ ಪೈಪನ್ನು ಎತ್ತಿ, ನಿಂಬೆರಸ ಹಚ್ಚಿ ಉಜ್ಜಿ.

ನ್ಯಾನೊಗೆ ಇಳಿಸುವುದು

ಬ್ರೆಡ್‌ಬೋರ್ಡು ಕಲಿಯುವುದಕ್ಕೆ ಮಾತ್ರ. ಕಾಂಟ್ಯಾಕ್ಟರಿನ ಕಂಪನಕ್ಕೆ ಜಂಪರ್ ವೈರು ಸಡಿಲವಾಗುತ್ತದೆ. ಎಲ್ಲ ಸರಿಯಾದ ಮೇಲೆ ಸರ್ಕ್ಯೂಟನ್ನು ತೂತಿನ ಬೋರ್ಡಿಗೆ ಬೆಸೆದು, ಅದೇ ಚಿಪ್ಪಿನ ಪುಟ್ಟ ಬೋರ್ಡಾದ ನ್ಯಾನೊ ಹಾಕಿ. ಪಿನ್ ಸಂಖ್ಯೆ, ಪ್ರೋಗ್ರಾಮು ಬದಲಾಗುವುದಿಲ್ಲ. ಬೋರ್ಡು ಎಲ್ಲಾದರೂ ಸಿಕ್ಕಿಕೊಂಡರೆ ತಾನೇ ಎದ್ದೇಳಲು 8 ಸೆಕೆಂಡಿನ ವಾಚ್‌ಡಾಗ್ ಹಾಕುವುದು ಇಲ್ಲೇ, ಮತ್ತು ಕೊನೆಯ ಗುಂಡಿ ತೋಡಿರುವುದೂ ಇಲ್ಲೇ. ಹಳೆಯ ಬೂಟ್‌ಲೋಡರಿನ ನ್ಯಾನೊ, ವಾಚ್‌ಡಾಗ್ ಒಮ್ಮೆ ಕಚ್ಚಿದರೆ, ರೀಸೆಟ್ ಆಗುತ್ತಲೇ ಇರುತ್ತದೆ. ಕರೆಂಟ್ ತೆಗೆಯುವ ತನಕ ಏಳುವುದಿಲ್ಲ. ಅಂಥ ಬೋರ್ಡಿನ ಗುರುತು: ಪ್ರೋಗ್ರಾಮ್ ಏರಿಸಲು ಪ್ರೊಸೆಸರ್ ಪಟ್ಟಿಯಲ್ಲಿ 'ಓಲ್ಡ್ ಬೂಟ್‌ಲೋಡರ್' ಆರಿಸಿದರೆ ಮಾತ್ರ ಒಪ್ಪುತ್ತದೆ.

ಹೊಸ ಬೂಟ್‌ಲೋಡರ್ ಹಾಕಿ ಇದನ್ನು ಸರಿಮಾಡುವ ಸಾಧನ ಕೊಳ್ಳಬೇಕಿಲ್ಲ, ಬಿಡುವಾದ ಊನೊ ಇದೆಯಲ್ಲ. ಅದಕ್ಕೆ ಆರ್ಡುವಿನೊಐಎಸ್‌ಪಿ ಉದಾಹರಣೆ ಪ್ರೋಗ್ರಾಮ್ ಏರಿಸಿ, ಏರಿಸಿದ ಮೇಲೆ ಊನೊದ ರೀಸೆಟ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ, ಋಣ ತುದಿ ಗ್ರೌಂಡಿಗೆ. ಎರಡೂ ಬೋರ್ಡಿನ 11, 12, 13ನ್ನು ಸರಿಸರಿಗೆ ಜೋಡಿಸಿ, ಊನೊದ 10ನ್ನು ನ್ಯಾನೊದ ರೀಸೆಟ್ಟಿಗೆ, 5 ವೋಲ್ಟ್ ಮತ್ತು ಗ್ರೌಂಡನ್ನು ಅವುಗಳ ಜೊತೆಗೇ. ಬೋರ್ಡು ನ್ಯಾನೊ, ಪ್ರೊಸೆಸರ್ 'ಓಲ್ಡ್' ಇಲ್ಲದ ಎಟಿಮೆಗಾ328ಪಿ, ಪ್ರೋಗ್ರಾಮರ್ 'ಆರ್ಡುವಿನೊ ಆ್ಯಸ್ ಐಎಸ್‌ಪಿ' ಆರಿಸಿ 'ಬರ್ನ್ ಬೂಟ್‌ಲೋಡರ್' ಒತ್ತಿ. ಆಮೇಲೆ ಪ್ರೋಗ್ರಾಮಿನಲ್ಲಿ ಬೇಕೆಂದೇ ಒಂದು ಮುಗಿಯದ ಲೂಪು ಹಾಕಿ ಬೋರ್ಡನ್ನು ಸಿಕ್ಕಿಸಿ. 8 ಸೆಕೆಂಡಿಗೆ ಎದ್ದು ಮತ್ತೆ ಮೊದಲಿನಿಂದ ಶುರುವಾದರೆ ಆ ಲೂಪು ತೆಗೆದು, ಡಬ್ಬಿಯೊಳಗೆ ಕೂರಿಸಿ.